ಬಾಕ್ಸನ್ನು ಎಲ್ಲಿಡೋದು? ನೂರು ವರ್ಷದ ಒಂದು ಪ್ರಶ್ನೆ

ಹಂಚಿನ ಮನೆ ಬಿಚ್ಚಿ ತಾರಸಿ ಮನೆ ಕಟ್ಟುವುದು ಈಗ ಊರೂರಲ್ಲೂ ನಡೆದಿದೆ. ಗೃಹಪ್ರವೇಶ ಮುಗಿದು ನೆಂಟರೆಲ್ಲ ಬಸ್ಸು ಹತ್ತಿದ ಮೇಲೆ ಹಳೇ ಮನೆಯ ಸಾಮಾನು ಒಂದೊಂದಾಗಿ ಹೊಸ ಹಾಲಿಗೆ ಬರುತ್ತದೆ. ಟಿವಿ ಗೋಡೆ ಏರುತ್ತದೆ. ಅದರ ಹಿಂದೆಯೇ ಎರಡು ಸ್ಪೀಕರ್ ಬಾಕ್ಸು, ಒಂದು ವೂಫರ್. ಒಂದು ಬಾಕ್ಸಿಗೆ ಶೋಕೇಸಿನ ಮೇಲೆ ಜಾಗ ಸಿಗುತ್ತದೆ, ಇನ್ನೊಂದು ಕಬ್ಬಿಣದ ಬೀರುವಿನ ತಲೆ ಮೇಲೆ ಕೂರುತ್ತದೆ, ವೂಫರು ಮೂಲೆ ಸೇರುತ್ತದೆ.

ಸ್ವಿಚ್ ಹಾಕಿದರೆ ಸದ್ದಿಗೇನೂ ಕೊರತೆ ಇಲ್ಲ. ಆದರೆ ವಾರ್ತೆ ಓದುವವರು ಏನಂದರು ಅನ್ನುವುದು ಅಜ್ಜನಿಗೆ ತಿಳಿಯುವುದಿಲ್ಲ. "ಇನ್ನೂ ಸ್ವಲ್ಪ ಜೋರು ಮಾಡಪ್ಪ" ಅನ್ನುತ್ತಾರೆ. ಜೋರು ಮಾಡಿದಷ್ಟೂ ಗುಂಯ್‌ಗುಟ್ಟುವುದು ಹೆಚ್ಚಾಗುತ್ತದೆ, ಮಾತು ಮಾತ್ರ ಇನ್ನಷ್ಟು ಮುಳುಗುತ್ತದೆ. ಕೊನೆಗೆ ಮನೆಯವರ ತೀರ್ಮಾನ ಒಂದೇ: ಬಾಕ್ಸು ಹಳೇದಾಯ್ತು, ಬೇರೆ ತರೋಣ. ಇನ್ನೂ ಬೇಜಾರಿನ ತೀರ್ಮಾನ ಇನ್ನೊಂದಿದೆ: ಅಜ್ಜನ ಕಿವಿಯೇ ಹೋಗಿದೆ.

ಸುದ್ದಿಗೆಂದು ಹಳ್ಳಿ ತಿರುಗುವಾಗ ಈ ಮಾತು ನಮಗೆ ಹಲವು ಮನೆಗಳಲ್ಲಿ ಕೇಳಿಬಂದಿದೆ. ಬಹಳ ಸಲ ಬಾಕ್ಸಿಗೂ ಏನೂ ಆಗಿರುವುದಿಲ್ಲ, ಅಜ್ಜನ ಕಿವಿಗೂ ಹೊಸದಾಗಿ ಏನೂ ಆಗಿರುವುದಿಲ್ಲ. ಹೋದ ವರ್ಷ ಹಂಚಿನ ಮನೆಯಲ್ಲಿ ಸ್ವಚ್ಛವಾಗಿ ಮಾತಾಡುತ್ತಿದ್ದದ್ದು ಇದೇ ಬಾಕ್ಸು, ಕೇಳುತ್ತಿದ್ದದ್ದು ಇದೇ ಅಜ್ಜ. ಬದಲಾಗಿರುವುದು ಮನೆ, ಮತ್ತು ಆ ಮನೆಯಲ್ಲಿ ಬಾಕ್ಸು ಕೂತ ಜಾಗ.

ಸ್ಪೀಕರಿನ ಅರ್ಧ ಕೆಲಸ ಮಾಡುವುದು ಮನೆ ಅನ್ನುವ ಈ ವಿಷಯ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಅವರ ವ್ಯಾಪಾರ ಏನಾಗಬೇಕು! ಅದಿರಲಿ, ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಲು ದೊಡ್ಡ ದೊಡ್ಡ ಇಂಜಿನಿಯರುಗಳಿಗೇ ಮುಕ್ಕಾಲು ಶತಮಾನ ಹಿಡಿಯಿತು. ಆ ಕಥೆ ಹೇಳುತ್ತೇವೆ. ನಿಮ್ಮ ಬಾಕ್ಸನ್ನು ಯಾವ ಕಡೆಗೆ ಸರಿಸಬೇಕು ಅನ್ನುವುದೂ ನಡುನಡುವೆ ಬರುತ್ತದೆ.

ಮೊದಲು ಇದ್ದದ್ದು ಕಹಳೆ. ಗ್ರಾಮಫೋನಿನ ದೊಡ್ಡ ಹೂವಿನಂಥ ಕಹಳೆಯನ್ನು ಹಳೇ ಸಿನಿಮಾಗಳಲ್ಲಿ ನೀವೆಲ್ಲ ನೋಡಿದ್ದೀರಿ. ಅದಕ್ಕೆ ಕರೆಂಟು ಇಲ್ಲ, ಆಂಪ್ಲಿಫೈಯರ್ ಇಲ್ಲ. ಸೂಜಿಯ ಅದುರನ್ನು ಕಹಳೆಯೇ ದೊಡ್ಡದು ಮಾಡಬೇಕು. ಕಹಳೆ ಯಾರ ಕಡೆ ಬಾಯಿ ಮಾಡಿದೆಯೋ ಅವರಿಗೆ ಚೆನ್ನಾಗಿ ಕೇಳುತ್ತಿತ್ತು, ಅಷ್ಟೆ. 1906ರಲ್ಲಿ ಅಮೆರಿಕದ ವಿಕ್ಟರ್ ಕಂಪನಿ ಆ ಕಹಳೆಯನ್ನು ಮರದ ಬೀರುವಿನ ಒಳಗೆ ಬಗ್ಗಿಸಿ ಕೂರಿಸಿ 'ವಿಕ್ಟ್ರೋಲಾ' ಅಂತ ಮಾರಿತು. ಎದುರಿಗೆ ಎರಡು ಪುಟ್ಟ ಬಾಗಿಲು. ಸದ್ದು ಹೆಚ್ಚು ಬೇಕಾದರೆ ಬಾಗಿಲು ತೆರೆಯಬೇಕು, ಕಡಿಮೆ ಬೇಕಾದರೆ ಮುಚ್ಚಬೇಕು. ವಾಲ್ಯೂಮ್ ಅಂದರೆ ಆಗ ಅದೇ. ಹಾಡುವ ಯಂತ್ರ ಮನೆಯ ಪೀಠೋಪಕರಣವಾದದ್ದು ಇಲ್ಲಿಂದ ಅನ್ನಬಹುದು. ಅದರ ಜೊತೆಗೇ ಒಂದು ಕೆಟ್ಟ ಅಭ್ಯಾಸವೂ ಶುರುವಾಯಿತು. ಕಿವಿಗೆ ಎಲ್ಲಿ ಒಪ್ಪುತ್ತದೆ ಅಂತ ಕೇಳದೆ ಕಣ್ಣಿಗೆ ಎಲ್ಲಿ ಚೆಂದ ಅಂತ ನೋಡಿ ಅದನ್ನು ಇಡತೊಡಗಿದರು.

ಕರೆಂಟಿನ ಸ್ಪೀಕರು ಮೊದಲು ಕಿವಿಗೆ ಬಿದ್ದದ್ದು ಮನೆಯಲ್ಲಲ್ಲ, ಬಯಲಲ್ಲಿ. ಡೆನ್ಮಾರ್ಕಿನಿಂದ ಹೋದ ಪೀಟರ್ ಜೆನ್ಸನ್ ಮತ್ತು ಅಮೆರಿಕದ ಎಡ್ವಿನ್ ಪ್ರಿಡ್‌ಹ್ಯಾಮ್ ಇಬ್ಬರೂ ಕ್ಯಾಲಿಫೋರ್ನಿಯಾದ ನಾಪಾ ಎಂಬಲ್ಲಿ ಅದನ್ನು ಮಾಡಿ, 1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರಸಭೆಯ ಎದುರು ಭಾರಿ ಜನಸಂದಣಿಗೆ ಹಾಡು ಕೇಳಿಸಿದರು. ಅದಕ್ಕೆ ಇಟ್ಟ ಹೆಸರು ಮ್ಯಾಗ್ನವಾಕ್ಸ್, ಲ್ಯಾಟಿನ್ ಭಾಷೆಯಲ್ಲಿ 'ದೊಡ್ಡ ದನಿ'. ನಮ್ಮ ಜಾತ್ರೆಯ ಮೈಕ್‌ಸೆಟ್ಟಿಗೆ ಅಜ್ಜ ಅಂದರೆ ಇದೇ.

ಇವತ್ತು ನಮ್ಮ ಬಾಕ್ಸಿನೊಳಗೆ ಇರುವಂಥ ಕಾಗದದ ಕೋನ್ ರೂಪಕ್ಕೆ ಬಂದದ್ದು 1925ರಲ್ಲಿ. ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್ ಆ ವರ್ಷ ಅದರ ವಿವರ ಪ್ರಕಟಿಸಿದರು. ಮರುವರ್ಷ 'ರೇಡಿಯೋಲಾ 104' ಎಂಬ ಹೆಸರಲ್ಲಿ ಅದು ಅಂಗಡಿಗೆ ಬಂತು. ಅಯಸ್ಕಾಂತ, ಅದರ ನಡುವೆ ತಂತಿ ಸುತ್ತಿದ ಕಾಯಿಲ್, ಕಾಯಿಲಿಗೆ ಅಂಟಿಸಿದ ಕಾಗದದ ಕೋನ್. ನೂರು ವರ್ಷವಾದರೂ ಮೂಲ ರಚನೆ ಹೆಚ್ಚು ಬದಲಾಗಿಲ್ಲ.

ಇವರಿಬ್ಬರು ಕಂಡ ಇನ್ನೊಂದು ಸಂಗತಿ ನಮಗೆ ಮುಖ್ಯ. ಕೋನ್ ಮುಂದಕ್ಕೆ ಗಾಳಿ ದೂಡುವಾಗ ಹಿಂದಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಮುಂದೆ ಒತ್ತಡ, ಹಿಂದೆ ಖಾಲಿ. ದಪ್ಪ ಸ್ವರದಲ್ಲಿ ಈ ಎರಡೂ ಕೋನಿನ ಅಂಚು ಬಳಸಿ ಒಂದಕ್ಕೊಂದು ಸೇರಿ ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತವೆ. ರಿಪೇರಿ ಅಂಗಡಿಯವರಿಗೆ ಇದು ದಿನದ ಅನುಭವ: ಬಾಕ್ಸಿನಿಂದ ಬಿಚ್ಚಿ ಕೈಯಲ್ಲಿ ಹಿಡಿದ ಸ್ಪೀಕರು ಕೀಚಲು ಕೀಚಲಾಗಿ ಕೂಗುತ್ತದೆ. ಅದೇ ಅಳತೆಯ ತೂತು ಕೊರೆದ ಒಂದು ಹಲಗೆಗೆ ಅದನ್ನು ಒತ್ತಿ ಹಿಡಿದರೆ ತಟ್ಟನೆ ತಬಲಾ ಕೇಳಿಸುತ್ತದೆ. ಮುಂದಿನ ಗಾಳಿಗೂ ಹಿಂದಿನ ಗಾಳಿಗೂ ನಡುವೆ ಗೋಡೆ ಬಿತ್ತು, ಅಷ್ಟೆ. ಬಾಕ್ಸು ಹುಟ್ಟಿದ್ದೇ ಈ ಕಾರಣಕ್ಕೆ.

ನಮ್ಮ ಕಡೆಯ ಗಡಿಗೆ ಸ್ಪೀಕರ್ ನೆನಪಿದೆಯಾ? ಟೇಪ್‌ರೆಕಾರ್ಡರ್ ಕಾಲದಲ್ಲಿ ಒಂದು ಬಿಡಿ ಸ್ಪೀಕರ್ ತಂದು, ನೀರಿನ ಗಡಿಗೆಯ ಬಾಯಿ ಮೇಲೆ ಅಂಗಾತ ಮಲಗಿಸಿ, ಎರಡು ವೈರು ಎಳೆದರೆ ಮುಗಿಯಿತು. ಬಾಕ್ಸು ಕೊಳ್ಳಲು ದುಡ್ಡಿಲ್ಲದ ಹುಡುಗರು ಮಾಡಿಕೊಂಡ ಉಪಾಯ ಅಂತ ಅದನ್ನು ನಕ್ಕು ಬಿಡುವವರಿದ್ದಾರೆ. ನಮಗೆ ಹಾಗನ್ನಿಸುವುದಿಲ್ಲ. ಹಿಂದಿನ ಗಾಳಿಯನ್ನು ಗಡಿಗೆ ಬಂಧಿಸುತ್ತಿತ್ತು, ಬೇಸು ಬರುತ್ತಿತ್ತು. ರೈಸ್ ಮತ್ತು ಕೆಲಾಗ್ ಹಲಗೆಯಿಂದ ಮಾಡಿದ್ದನ್ನು ನಮ್ಮ ಹುಡುಗರು ಮಣ್ಣಿನಿಂದ ಮಾಡಿದ್ದರು. ದೋಷ ಒಂದಿತ್ತು. ಖಾಲಿ ಗಡಿಗೆಯ ಬಾಯಿಗೆ ಊದಿದರೆ ಒಂದೇ ಸ್ವರದಲ್ಲಿ 'ಬೂಂ' ಅನ್ನುತ್ತದಲ್ಲ, ಯಾವ ಹಾಡು ಹಾಕಿದರೂ ಅದೇ ಬೂಂ ಜೊತೆಗೆ ಬೆರೆಯುತ್ತಿತ್ತು. ಗಡಿಗೆಯೊಳಗೆ ಹಳೇ ಹತ್ತಿ, ಚಿಂದಿ ಬಟ್ಟೆ ತುಂಬಿದವರಿಗೆ ಆ ಬೂಂ ತಗ್ಗುತ್ತಿತ್ತು. ಈಗಿನ ಎಷ್ಟೋ ಬಾಕ್ಸುಗಳನ್ನು ಬಿಚ್ಚಿ ನೋಡಿ, ಒಳಗೆ ಬಿಳಿ ಹತ್ತಿಯಂಥದ್ದು ತುಂಬಿರುತ್ತದೆ. ಅದೇ ಕೆಲಸಕ್ಕೆ.

ಕನ್ನಡದ ಮನೆಗೆ ಆಕಾಶದಿಂದ ದನಿ ಬಂದದ್ದು 1935ರಲ್ಲಿ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಶುರುಮಾಡಿದರು. ಆ ಕೇಂದ್ರ 'ಆಕಾಶವಾಣಿ' ಎಂದು ಹೆಸರಾಯಿತು, ಮುಂದೆ ಇಡೀ ದೇಶದ ರೇಡಿಯೊಗೆ ಆ ಹೆಸರೇ ಬಂತು. ಸರ್ಕಾರಿ ಕಟ್ಟಡದಲ್ಲಿ ಅಲ್ಲ, ಒಬ್ಬ ಮೇಷ್ಟರ ಮನೆಯಲ್ಲಿ ಹುಟ್ಟಿದ ಸಂಸ್ಥೆ ಅದು.

ಕೇಳುವವರ ಮನೆಯಲ್ಲಿ ರೇಡಿಯೊ ಎಲ್ಲಿರುತ್ತಿತ್ತು? ಮರದ ದೊಡ್ಡ ಪೆಟ್ಟಿಗೆ, ಒಳಗೆ ಬಿಸಿಯಾಗುವ ವಾಲ್ವುಗಳು. ಸೂರಿನ ಮೇಲಿನಿಂದ ಏರಿಯಲ್ ತಂತಿ ಇಳಿಯಬೇಕು. ಮಕ್ಕಳ ಕೈಗೆ ಎಟುಕಬಾರದು. ಲೈಸೆನ್ಸ್ ಹಣ ಕಟ್ಟಿ ಇಟ್ಟುಕೊಳ್ಳುವ ವಸ್ತು, ಹಾಗಾಗಿ ಕಸೂತಿಯ ಬಟ್ಟೆಯ ಹೊದಿಕೆ. ತಂತಿ ಮತ್ತು ಮಕ್ಕಳು ಇಬ್ಬರೂ ಸೇರಿ ಜಾಗ ಗೊತ್ತುಮಾಡುತ್ತಿದ್ದರು, ಕಿವಿಯನ್ನು ಯಾರೂ ಕೇಳುತ್ತಿರಲಿಲ್ಲ. ಎತ್ತರದ ಹಲಗೆ, ಇಲ್ಲವೇ ದಪ್ಪ ಗೋಡೆಯ ಗೂಡು. ಆದರೂ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು ಅಂತ ಹಿರಿಯರೆಲ್ಲ ಹೇಳುತ್ತಾರೆ. ಅದು ಬರೀ ಹಳೇ ಕಾಲದ ವ್ಯಾಮೋಹ ಅಲ್ಲ. ಉತ್ತರ ಮನೆಯಲ್ಲೇ ಇದೆ.

ಮನೆ ಸದ್ದಿಗೆ ಏನು ಮಾಡುತ್ತದೆ ಅಂತ ಮೊದಲು ಲೆಕ್ಕ ಹಾಕಿದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬಾಯಿನ್. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಒಂದು ಉಪನ್ಯಾಸ ಕೊಠಡಿಯಲ್ಲಿ ಮೇಷ್ಟರು ಹೇಳಿದ್ದು ಯಾರಿಗೂ ತಿಳಿಯುತ್ತಿರಲಿಲ್ಲ. ಒಂದು ಮಾತು ಆಡಿದರೆ ಅದರ ಗುಂಗು ಸುಮಾರು 5.5 ಸೆಕೆಂಡು ಅಲ್ಲೇ ಸುತ್ತುತ್ತಿತ್ತು. ಅಷ್ಟರಲ್ಲಿ ಇನ್ನೂ ಹತ್ತು ಮಾತು ಬಂದು ಅದರ ಮೇಲೆ ಬೀಳುತ್ತಿದ್ದವು. ಸರಿಮಾಡಿ ಅಂತ ಯುವಕ ಸಬಾಯಿನ್‌ಗೆ ಒಪ್ಪಿಸಿದರು. ಆತ ರಾತ್ರಿ ಎಲ್ಲರೂ ಮಲಗಿದ ಮೇಲೆ ಹತ್ತಿರದ ರಂಗಮಂದಿರದ ಸೀಟಿನ ಮೆತ್ತೆಗಳನ್ನು ಹೊತ್ತು ತಂದು ಕೊಠಡಿಯಲ್ಲಿ ಹರಡಿ, ಒಂದು ಆರ್ಗನ್ ಕೊಳವೆ ಊದಿಸಿ, ಸದ್ದು ಸಾಯಲು ಎಷ್ಟು ಹೊತ್ತು ಬೇಕು ಅಂತ ಗಡಿಯಾರ ಹಿಡಿದು ಅಳೆದ. ಬೆಳಗಾಗುವ ಮುಂಚೆ ಮೆತ್ತೆಗಳು ವಾಪಸ್. ಮರುದಿನ ರಾತ್ರಿ ಮತ್ತೆ ಅದೇ. ಮೆತ್ತೆ ಹೆಚ್ಚಿದಷ್ಟೂ ಗುಂಗು ಕಡಿಮೆ. ಆ ಲೆಕ್ಕದಿಂದಲೇ 1900ರಲ್ಲಿ ತೆರೆದ ಬಾಸ್ಟನ್ನಿನ ಸಿಂಫನಿ ಹಾಲ್ ರೂಪುಗೊಂಡಿತು.

ವಿಜಯಪುರದ ಗೋಲಗುಮ್ಮಟಕ್ಕೆ ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನ ಗ್ಯಾಲರಿಯಲ್ಲಿ ಚಪ್ಪಾಳೆ ತಟ್ಟಿದರೆ ಏಳೆಂಟು ಸಲ ಮರಳಿ ಕೇಳುತ್ತದೆ. ನೋಡಲು ಹೋದವರಿಗೆ ಅದು ಮಜಾ. ಅಲ್ಲಿ ಕೂತು ಹವಾಮಾನ ವರದಿ ಕೇಳಬೇಕಾದರೆ ಮಾತ್ರ ಕಷ್ಟ.

ನಮ್ಮ ಹೊಸ ಹಾಲುಗಳು ಸಣ್ಣ ಗೋಲಗುಮ್ಮಟಗಳೇ. ಕೆಳಗೆ ಹೊಳೆಯುವ ಟೈಲ್ಸು, ಮೇಲೆ ಕಾಂಕ್ರೀಟು, ನಾಲ್ಕೂ ಕಡೆ ನುಣುಪು ಪುಟ್ಟಿ ಹಚ್ಚಿದ ಗೋಡೆ, ಒಂದು ಕಡೆ ಗಾಜಿನ ಶೋಕೇಸು. ಸದ್ದನ್ನು ನುಂಗುವ ವಸ್ತು ಒಂದೂ ಇಲ್ಲ. ಹಳೇ ಮನೆಯನ್ನು ನೆನೆಯಿರಿ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ನಾಡೆಲ್ಲ ಹರಡಿದ ಆ ಹೆಂಚಿನ ಸೂರು ಓರೆ, ಸಂದುಸಂದುಗಳಿಂದ ಸದ್ದು ಹೊರಗೆ ಹೋಗುತ್ತಿತ್ತು. ಗೋಡೆ ಮಣ್ಣಿನದು, ಉಬ್ಬುತಗ್ಗಿನದು. ಅಟ್ಟದ ಮೇಲೆ ರಾಗಿ ಚೀಲ, ಮೂಲೆಯಲ್ಲಿ ಸುತ್ತಿಟ್ಟ ಹಾಸಿಗೆ, ಹಗ್ಗದ ಮೇಲೆ ಕೌದಿ, ಕಂಬಳಿ. ಸಬಾಯಿನ್ ರಾತ್ರಿಯೆಲ್ಲ ಹೊತ್ತ ಮೆತ್ತೆಗಳು ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಇದ್ದವು. ಹೊಸ ಮನೆಗೆ ಬರುವಾಗ ಹಾಸಿಗೆ ಬೆಡ್‌ರೂಮಿಗೆ ಹೋಯಿತು, ಚೀಲ ಶೆಡ್ಡಿಗೆ ಹೋಯಿತು, ಕೌದಿ ಪೆಟ್ಟಿಗೆ ಸೇರಿತು. ಅಜ್ಜನ ವಾರ್ತೆ ಅವುಗಳ ಜೊತೆಗೇ ಹೋಯಿತು.

ಮನೆ ಮತ್ತೆ ಕೆಡವಬೇಕಾಗಿಲ್ಲ. ಹಾಲಿನ ಕಿಟಕಿಗೆ ದಪ್ಪ ಬಟ್ಟೆಯ ಪರದೆ, ನೆಲಕ್ಕೆ ಒಂದು ಜಮಖಾನೆ, ಟಿವಿಯ ಎದುರು ಗೋಡೆಗೆ ಅಜ್ಜಿ ಹೊಲಿದ ಕೌದಿ ತೂಗುಹಾಕಿದರೂ ಸಾಕು, ಮೊದಲ ದಿನವೇ ವ್ಯತ್ಯಾಸ ಗೊತ್ತಾಗುತ್ತದೆ. ಪರೀಕ್ಷೆ ಸುಲಭ: ಹಾಲಿನ ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ. ಬಾಲ ಬಿಟ್ಟುಕೊಂಡು ಟ್ರಂಯ್ ಅಂದರೆ ಕೌದಿ ಇನ್ನೊಂದು ಬೇಕು. ಬಣ್ಣದ ಕೌದಿ ಗೋಡೆ ಮೇಲೆ ಚೆಂದವಾಗಿಯೂ ಕಾಣುತ್ತದೆ ಅನ್ನುವುದು ನಮ್ಮ ಅಭಿಪ್ರಾಯ, ಒಪ್ಪದವರು ಪರದೆಯಲ್ಲೇ ನಿಲ್ಲಿಸಬಹುದು.

ಇನ್ನು ಬಾಕ್ಸನ್ನು ಅಲ್ಲಾಡದಂತೆ ಕೂರಿಸುವ ಕಥೆ. ಇದರಲ್ಲಿ ನಮಗೆ ತುಂಬ ಹಿಡಿಸಿದ ಮನುಷ್ಯ ಇಂಗ್ಲೆಂಡಿನ ಗಿಲ್ಬರ್ಟ್ ಬ್ರಿಗ್ಸ್. ಯಾರ್ಕ್‌ಶೈರಿನ ಬಟ್ಟೆ ವ್ಯಾಪಾರದವರು, ಪಿಯಾನೊ ಅಂದರೆ ಪ್ರಾಣ. 1932ರಲ್ಲಿ, ನಲವತ್ತು ದಾಟಿದ ಮೇಲೆ, ಇಲ್ಕ್ಲಿ ಎಂಬ ಊರಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಸ್ಪೀಕರ್ ಮಾಡಲು ಕೂತರು. ಊರು ಇರುವ ಕಣಿವೆಯ ಹೆಸರನ್ನೇ ಕಂಪನಿಗೆ ಇಟ್ಟರು: ವಾರ್ಫ್‌ಡೇಲ್.

ಬ್ರಿಗ್ಸ್ ಅವರಿಗೆ ಕಾಡಿದ್ದು ಬಾಕ್ಸಿನ ಹಲಗೆ. ಕೋನ್ ಮುಂದಕ್ಕೆ ನೂಕಿದಾಗ ಬಾಕ್ಸು ಹಿಂದಕ್ಕೆ ನೂಕಿಸಿಕೊಳ್ಳುತ್ತದೆ. ದೋಣಿಯಲ್ಲಿ ನಿಂತು ಚೀಲ ಎಸೆದರೆ ದೋಣಿ ಹಿಂದೆ ಸರಿಯುವ ಹಾಗೆ. ಹಲಗೆ ತೆಳುವಿದ್ದರೆ ಅದೂ ಅದುರಿ ತನ್ನದೇ ರಾಗ ಹಾಡುತ್ತದೆ. ಆಗ ಕೇಳುವವರಿಗೆ ಹಾಡಿನ ಜೊತೆ ಮರದ ಹಾಡೂ ಕೇಳುತ್ತದೆ. ಅದಕ್ಕೆ ಅವರು ಹುಡುಕಿದ ಮದ್ದು ನಮ್ಮ ಊರಿನ ಮೇಸ್ತ್ರಿ ಕೊಡಬಹುದಾಗಿದ್ದ ಮದ್ದೇ. ಒಂದು, ಇಟ್ಟಿಗೆ: ಮನೆಯ ಮೂಲೆಯಲ್ಲಿ ಇಟ್ಟಿಗೆಯಿಂದಲೇ ಸ್ಪೀಕರಿನ ಬಾಕ್ಸು ಕಟ್ಟಿ ನೋಡಿದರು. ಎರಡು, ಮರಳು: ಎರಡು ಪ್ಲೈವುಡ್ ಹಾಳೆಗಳ ನಡುವೆ ಒಣ ಮರಳು ತುಂಬಿದ ಹಲಗೆ ಮಾಡಿ ಅದಕ್ಕೆ ಸ್ಪೀಕರ್ ಕೂರಿಸಿದರು. ಮರಳಿನ ಕಣ ಒಂದಕ್ಕೊಂದು ಉಜ್ಜಿಕೊಂಡು ಅದುರನ್ನು ತಿಂದುಹಾಕುತ್ತದೆ. ಆ ಬಗೆಯ ಸ್ಪೀಕರನ್ನು ಅವರ ಕಂಪನಿ 1950ರ ದಶಕದಲ್ಲಿ ಮಾರಿತು ಕೂಡ. 1954ರಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜನರನ್ನು ಕೂರಿಸಿ, ವೇದಿಕೆಯ ಮೇಲೆ ವಾದ್ಯ ನುಡಿಸಿ, ಅದನ್ನೇ ಸ್ಪೀಕರಿನಲ್ಲೂ ಕೇಳಿಸಿ, ನೀವೇ ಹೋಲಿಸಿ ನೋಡಿ ಅಂದರು.

ಇಂಗ್ಲೆಂಡಿನ ಹವ್ಯಾಸಿಗಳು ಆಮೇಲೆ ಸ್ಪೀಕರಿಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿ, ಅದರ ಕೊಳವೆಗೆ ಮರಳು ತುಂಬಿ, ಕಾಲಿಗೆ ಮೊಳೆಯಂಥ ಚೂಪು ತುದಿ ಹಾಕಿಸತೊಡಗಿದರು. ಇಂಟರ್‌ನೆಟ್ಟಿನಲ್ಲಿ ಈಗ ಆ ಚೂಪು ತುದಿಗಳನ್ನು ದುಬಾರಿ ಬೆಲೆಗೆ ಮಾರುತ್ತಾರೆ. ದಯವಿಟ್ಟು ಕೊಳ್ಳಬೇಡಿ. ಅವರ ನೆಲಕ್ಕೆ ದಪ್ಪ ಕಾರ್ಪೆಟ್ ಇರುತ್ತದೆ, ಮೊಳೆ ಅದನ್ನು ದಾಟಿ ಗಟ್ಟಿ ನೆಲ ಹಿಡಿಯಲಿ ಅಂತ ಆ ಏರ್ಪಾಡು. ನಮ್ಮದು ಕಲ್ಲಿನ ನೆಲ, ಟೈಲ್ಸಿನ ನೆಲ. ಮೊಳೆ ಇಟ್ಟರೆ ಟೈಲ್ಸು ಗೀಚುತ್ತದೆ, ಅಷ್ಟೇ ಲಾಭ.

ನಮ್ಮ ಮನೆಗಳ ರೋಗ ಬೇರೆ. ಅದರ ಹೆಸರು ಬೀರು. ತೆಳು ತಗಡಿನ ಬೀರು ಅಂದರೆ ಆಳೆತ್ತರದ ಡೋಲು. ಅದರ ಮೇಲೆ ಬಾಕ್ಸು ಇಟ್ಟು ಹಾಡು ಹಾಕಿ, ಅಂಗೈಯನ್ನು ಬೀರುವಿನ ಪಕ್ಕಕ್ಕೆ ಒತ್ತಿ ನೋಡಿ, ಜುಮುಜುಮು ಅನ್ನುತ್ತದೆ. ಒಳಗಿನ ಹ್ಯಾಂಗರು, ಬೀಗದ ಗೊಂಚಲು ಎಲ್ಲ ತಾಳ ಹಾಕುತ್ತಿರುತ್ತವೆ. ನಮ್ಮಲ್ಲೊಬ್ಬರ ಮನೆಯಲ್ಲಿ ಅದೇ ಬಾಕ್ಸನ್ನು ಬೀರುವಿನಿಂದ ಇಳಿಸಿ, ಒಂದರ ಮೇಲೊಂದು ಜೋಡಿಸಿದ ಸಿಮೆಂಟ್ ಬ್ಲಾಕಿನ ಮೇಲೆ ಇಟ್ಟೆವು. ವಾಲ್ಯೂಮ್ ಮುಟ್ಟಲಿಲ್ಲ. ಅಡುಗೆಮನೆಯಿಂದ ಅಮ್ಮ ಬಂದು "ಬಾಕ್ಸು ರಿಪೇರಿ ಮಾಡಿಸಿದಿರಾ?" ಅಂತ ಕೇಳಿದರು.

ಬ್ಲಾಕು ಕಾಣಲು ಒರಟು ಅನ್ನಿಸಿದರೆ ಹಳೇ ಸೀರೆ ಸುತ್ತಿ. ಬಾಕ್ಸಿನ ನಾಲ್ಕೂ ಮೂಲೆ ಸರಿಯಾಗಿ ಕೂರಬೇಕು, ಬೆರಳಲ್ಲಿ ತಳ್ಳಿದರೆ ಕುಂಟಬಾರದು. ಕುಂಟಿದರೆ ಹಳೇ ಹವಾಯಿ ಚಪ್ಪಲಿಯ ಅಥವಾ ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಅಡಿಗೆ ಕೊಡಿ. ಬಾಕ್ಸು ತೀರಾ ಹಗುರವಾದ ಪ್ಲಾಸ್ಟಿಕ್ಕಿನದಾದರೆ, ಎರಡು ಕಿಲೋ ಒಣ ಮರಳನ್ನು ಗಟ್ಟಿ ಚೀಲದಲ್ಲಿ ಕಟ್ಟಿ ಅದರ ತಲೆ ಮೇಲೆ ಇಡಿ. ಹೊಳೆಯಿಂದ ತಂದ ಹಸಿ ಮರಳು ಬೇಡ, ಬಾಣಲೆಯಲ್ಲಿ ಹುರಿದು ಆರಿಸಿದ್ದಾದರೆ ಒಳ್ಳೆಯದು. ತೊಟ್ಟಿಲು ಕಟ್ಟುವ ಜಾಗದ ಮೇಲೆ, ಮಕ್ಕಳು ಮಲಗುವ ಕಡೆ ಯಾವ ಬಾಕ್ಸೂ ಎತ್ತರದಲ್ಲಿ ಇರಬಾರದು. ಅದುರಿ ಅದುರಿ ಅಂಚಿಗೆ ಸರಿಯುವುದು ಯಾರಿಗೂ ಗೊತ್ತಾಗುವುದಿಲ್ಲ.

ಬ್ರಿಗ್ಸ್ ಕಾಲದಲ್ಲಿ ಒಳ್ಳೆಯ ಬೇಸು ಬೇಕೆಂದರೆ ಫ್ರಿಜ್ಜಿನಷ್ಟು ದೊಡ್ಡ ಬಾಕ್ಸು ಬೇಕಿತ್ತು. ಅಮೆರಿಕದ ಆರ್ಕನ್ಸಾ ರಾಜ್ಯದ ಪಾಲ್ ಕ್ಲಿಪ್ಶ್ 1940ರ ದಶಕದಲ್ಲಿ ಇನ್ನೊಂದು ದಾರಿ ಹಿಡಿದಿದ್ದರು: ಸ್ಪೀಕರನ್ನು ಕೋಣೆಯ ಮೂಲೆಗೇ ಒತ್ತಿ ನಿಲ್ಲಿಸಿ, ಎರಡು ಗೋಡೆಗಳನ್ನೇ ಕಹಳೆಯ ಮುಂದುವರಿದ ಭಾಗವಾಗಿ ಮಾಡಿಕೊಂಡರು. ಮೂಲೆಗೆ ಅಂತಲೇ ಹುಟ್ಟಿದ ಸ್ಪೀಕರ್ ಅದು. ನಿಮ್ಮ ಬಾಕ್ಸು ಹಾಗೆ ಹುಟ್ಟಿದ್ದಲ್ಲ ಅನ್ನುವುದನ್ನು ಮರೆಯಬೇಡಿ.

ಬಾಕ್ಸನ್ನು ಚಿಕ್ಕದು ಮಾಡಿದವರು ಎಡ್ಗರ್ ವಿಲ್ಚರ್. 1954ರಲ್ಲಿ ಇವರು ಹೊರತಂದ ಎಆರ್-1 ಸ್ಪೀಕರಿನಲ್ಲಿ ಬಾಕ್ಸು ಪೂರ್ತಿ ಮುಚ್ಚಿದ್ದು, ಒಳಗೆ ಸಿಕ್ಕ ಗಾಳಿಯೇ ಸ್ಪ್ರಿಂಗಿನಂತೆ ಕೋನನ್ನು ಹಿಡಿದು ಎಳೆಯುತ್ತದೆ. ಪುಸ್ತಕದ ಕಪಾಟಿನಲ್ಲಿ ಕೂರುವಷ್ಟು ಗಾತ್ರಕ್ಕೆ ಬಂತು, ಹೆಸರೂ ಬುಕ್‌ಶೆಲ್ಫ್ ಸ್ಪೀಕರ್ ಅಂತಲೇ ಬಿತ್ತು. ಆ ಹೆಸರು ಮಾಡಿದ ಹಾನಿ ಸಣ್ಣದಲ್ಲ! ಹೆಸರು ಕೇಳಿದವರೆಲ್ಲ ಬಾಕ್ಸನ್ನು ಶೋಕೇಸಿನ ಗೂಡಿನೊಳಕ್ಕೆ ತುರುಕತೊಡಗಿದರು. ಅದರಲ್ಲೂ ಬೆನ್ನಿನಲ್ಲಿ ಗಾಳಿಯ ತೂತು ಇರುವ ಬಾಕ್ಸನ್ನು ಗೂಡಿಗೆ ತುರುಕಿದರೆ ಉಸಿರು ಕಟ್ಟಿದಂತೆಯೇ. ಹಿಂದೆ ಕನಿಷ್ಠ ಒಂದು ಗೇಣು ಜಾಗ ಬಿಡಬೇಕು. ಆ ತೂತಿನಿಂದ ಇಲಿ ಒಳಹೊಕ್ಕು ಹತ್ತಿಯಲ್ಲಿ ಮರಿ ಹಾಕುವುದೂ ಉಂಟು, ತೂತಿಗೆ ಸೊಳ್ಳೆ ಪರದೆಯ ತುಂಡು ಬೇಡ, ಸ್ವಲ್ಪ ಅಗಲ ಕಣ್ಣಿನ ತಂತಿ ಬಲೆ ಹಾಕಿ.

ವಿಲ್ಚರ್ ಬಗ್ಗೆ ಇನ್ನೊಂದು ಮಾತು. ಸ್ಪೀಕರ್ ಬಿಟ್ಟ ಮೇಲೆ ಅವರು ಕಿವಿ ಮಂದವಾದವರ ಶ್ರವಣ ಸಾಧನದ ಕಡೆ ತಿರುಗಿದರು. ಮೆಲ್ಲಗಿನ ಸದ್ದನ್ನು ಹೆಚ್ಚು, ಜೋರು ಸದ್ದನ್ನು ಕಡಿಮೆ ಎತ್ತಿಕೊಡುವ ವಿಧಾನವನ್ನು 1970ರ ದಶಕದಲ್ಲಿ ರೂಪಿಸಿ, ಪೇಟೆಂಟ್ ಮಾಡಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟರು. ಅಜ್ಜನ ಕಿವಿಯ ವಿಚಾರ ಇಲ್ಲಿ ಬಂತು ಅಂತ ಹೇಳುತ್ತೇವೆ: ವಯಸ್ಸಾದವರಿಗೆ ಮೊದಲು ಮಂದವಾಗುವುದು ದಪ್ಪ ಸ್ವರ ಅಲ್ಲ, ಚೂಪು ಸ್ವರ. ಸ, ಶ, ತ, ಕ ಇವುಗಳ ಗುರುತೆಲ್ಲ ಚೂಪು ಸ್ವರದಲ್ಲಿದೆ. ಅದಕ್ಕೇ ಅವರಿಗೆ 'ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ'. ವಾಲ್ಯೂಮ್ ಏರಿಸಿದರೆ ಬೇಸು ಏರಿ ಮಾತನ್ನು ಇನ್ನಷ್ಟು ಮುಚ್ಚುತ್ತದೆ. ಮಾಡಬೇಕಾದದ್ದು ಬೇಸ್ ತಗ್ಗಿಸಿ, ಬಾಕ್ಸನ್ನು ಅವರ ಹತ್ತಿರ, ಅವರ ಕಿವಿಯ ಎತ್ತರಕ್ಕೆ ತರುವುದು.

ಎತ್ತರ ಎಷ್ಟು? ಚೂಪು ಸ್ವರ ಟಾರ್ಚಿನ ಬೆಳಕಿನಂತೆ ನೇರ ಹೋಗುತ್ತದೆ. ಬಾಕ್ಸಿನ ಚಿಕ್ಕ ಸ್ಪೀಕರ್, ಅಂದರೆ ಟ್ವೀಟರ್, ಕಿವಿಯ ಮಟ್ಟಕ್ಕೆ ಇರಬೇಕು. ಇಂಗ್ಲಿಷ್ ಪುಸ್ತಕದ ಲೆಕ್ಕವೆಲ್ಲ ಸೋಫಾ ಮೇಲೆ ಕೂರುವವರಿಗೆ. ಕುರ್ಚಿಯಲ್ಲಿ ಕೂತವರ ಕಿವಿ ಸುಮಾರು 3.5 ಅಡಿ ಎತ್ತರದಲ್ಲಿರುತ್ತದೆ, ಚಾಪೆಯ ಮೇಲೆ ಕೂತರೆ 2.5 ಅಡಿಯೂ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಎಲ್ಲರೂ ಎಲ್ಲಿ ಕೂರುತ್ತಾರೆ ಅಂತ ನೋಡಿ ಇಡಿ. ಆರೂವರೆ ಅಡಿ ಎತ್ತರದ ಬೀರುವಿನ ಮೇಲಿಂದ ಬಾಕ್ಸು ಮಾತಾಡುತ್ತಿರುವುದು ಫ್ಯಾನಿನ ಜೊತೆ. ಅಲ್ಲೇ ಇರಬೇಕು ಅಂತಾದರೆ ಹಿಂಭಾಗದ ಅಡಿಗೆ ಮರದ ತುಂಡು ಕೊಟ್ಟು ಮುಂದಕ್ಕೆ ಬಾಗಿಸಿ, ಬೀಳದಂತೆ ಕಟ್ಟಿ.

ಎರಡು ಬಾಕ್ಸು ಯಾಕೆ ಅನ್ನುವುದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಇಎಂಐ ಕಂಪನಿಯ ಅಲನ್ ಬ್ಲಮ್‌ಲೈನ್. ಸಿನಿಮಾ ಪರದೆಯ ಒಂದು ತುದಿಯಲ್ಲಿ ನಿಂತವನ ಮಾತು ಇನ್ನೊಂದು ಕಡೆಯಿಂದ ಕೇಳುವುದು ಅವರಿಗೆ ಸರಿಬರಲಿಲ್ಲವಂತೆ. 1931ರ ಡಿಸೆಂಬರಿನಲ್ಲಿ ಅವರು ಸಲ್ಲಿಸಿದ ಪೇಟೆಂಟ್ ಅರ್ಜಿಯಲ್ಲಿ ಈಗಿನ ಸ್ಟೀರಿಯೊದ ಬುಡವೆಲ್ಲ ಇದೆ. ಸ್ಟೀರಿಯೊ ರೆಕಾರ್ಡು ಅಂಗಡಿಗೆ ಬಂದದ್ದು 1958ರ ಹೊತ್ತಿಗೆ. ಅದನ್ನು ನೋಡಲು ಬ್ಲಮ್‌ಲೈನ್ ಉಳಿದಿರಲಿಲ್ಲ, 1942ರಲ್ಲಿ ರಾಡಾರ್ ಪರೀಕ್ಷೆಯ ವಿಮಾನ ಬಿದ್ದು ತೀರಿಕೊಂಡಿದ್ದರು, ವಯಸ್ಸು ಇನ್ನೂ 38.

ಅವರ ಉಪಾಯದ ಫಲ ಸಿಗಬೇಕಾದರೆ ಎರಡು ಬಾಕ್ಸು ಮತ್ತು ಕೇಳುವವರು ಸೇರಿ ಮೂರು ಸಮ ಬದಿಯ ತ್ರಿಕೋನ ಆಗಬೇಕು. ಬಾಕ್ಸುಗಳ ನಡುವೆ ಆರು ಅಡಿ ಇದ್ದರೆ ನೀವೂ ಪ್ರತಿಯೊಂದರಿಂದ ಆರು ಅಡಿ ದೂರ. ಆಗ ಹಾಡುವವರ ದನಿ ಎರಡೂ ಬಾಕ್ಸು ಬಿಟ್ಟು ನಡುವಿನ ಖಾಲಿ ಜಾಗದಿಂದ ಬರುತ್ತದೆ. ಮೊದಲ ಸಲ ಕೇಳಿದವರು ಎದ್ದುಹೋಗಿ ನಡುವೆ ಇನ್ನೊಂದು ಬಾಕ್ಸು ಇದೆಯಾ ಅಂತ ನೋಡುತ್ತಾರೆ. ದನಿ ನಡುವೆ ನಿಲ್ಲದೆ ಎಲ್ಲೋ ತೇಲಿದಂತಿದ್ದರೆ, ಬೇಸೂ ಇಲ್ಲದಿದ್ದರೆ, ಒಂದು ಬಾಕ್ಸಿನ ಕೆಂಪು ಕಪ್ಪು ವೈರು ಅದಲುಬದಲಾಗಿದೆ. ಒಂದು ಬಾಕ್ಸು ಹಾಲಿನಲ್ಲಿ, ಇನ್ನೊಂದು ಅಡುಗೆಮನೆಯಲ್ಲಿ ಇಡುವವರಿಗೂ ನಮ್ಮ ತಕರಾರಿಲ್ಲ. ರೊಟ್ಟಿ ತಟ್ಟುವವರಿಗೂ ಹಾಡು ಬೇಕು. ಅಂಥವರು ಸೆಟ್ಟಿನಲ್ಲಿ ಮೋನೊ ಗುಂಡಿ ಇದ್ದರೆ ಅದನ್ನು ಒತ್ತಿಕೊಳ್ಳಲಿ, ಇಲ್ಲವಾದರೆ ಅಡುಗೆಮನೆಗೆ ಬರೀ ಕೊಳಲು, ಹಾಲಿಗೆ ಬರೀ ತಬಲಾ ಬಂದೀತು.

ಕೊನೆಗೆ ಗೋಡೆಯ ಲೆಕ್ಕ. ಇದನ್ನು ಅಳೆದು ತೋರಿಸಿದವರು ರಾಯ್ ಆಲಿಸನ್, ವಿಲ್ಚರ್ ಕಟ್ಟಿದ ಕಂಪನಿಯಲ್ಲೇ ಕೆಲಸ ಮಾಡಿದ್ದವರು. 1974ರಲ್ಲಿ ಪ್ರಕಟವಾದ ಅವರ ಲೇಖನ ಗೋಡೆ ಮತ್ತು ನೆಲ ಸ್ಪೀಕರಿನ ಸದ್ದನ್ನು ಹೇಗೆ ತಿದ್ದುತ್ತವೆ ಅನ್ನುವುದರ ಮೇಲೆ. ರೈಸ್ ಮತ್ತು ಕೆಲಾಗ್ ಸ್ಪೀಕರ್ ಮಾಡಿ ಆಗಲೇ ಅರ್ಧ ಶತಮಾನ ಆಗಿತ್ತು. ಅಷ್ಟು ದಿನ ಸ್ಪೀಕರನ್ನು ಪ್ರಯೋಗಶಾಲೆಯಲ್ಲಿ ಒಂಟಿಯಾಗಿ ಅಳೆದದ್ದೇ ಹೆಚ್ಚು. ಆಲಿಸನ್ ಅದನ್ನು ಮನೆಯೊಳಗೆ ನಿಲ್ಲಿಸಿ ಅಳೆದರು.

ತಾತ್ಪರ್ಯ ಹೀಗಿದೆ. ದಪ್ಪ ಸ್ವರ ಎಲ್ಲ ದಿಕ್ಕಿಗೂ ಹರಡಿ, ಹಿಂದಿನ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಗೋಡೆ ತೀರಾ ಹತ್ತಿರವಿದ್ದರೆ ಎರಡೂ ಕೂಡಿಕೊಂಡು ಬೇಸು ಹೆಚ್ಚುತ್ತದೆ. ನೆಲ, ಒಂದು ಗೋಡೆ, ಇನ್ನೊಂದು ಗೋಡೆ ಅಂತ ಮೂರೂ ಹತ್ತಿರವಾದರೆ, ಅಂದರೆ ಮೂಲೆಯಲ್ಲಿ ಕೂರಿಸಿದರೆ, ಬೇಸು ಅತಿಯಾಗುತ್ತದೆ. ಗೋಡೆ ಸ್ವಲ್ಪ ದೂರವಿದ್ದರೆ ವಾಪಸ್ ಬಂದ ಅಲೆ ಒಂದು ಸ್ವರವನ್ನು ಹೊಡೆದು ಹಾಕುತ್ತದೆ. ಗೋಡೆಗೂ ಕೋನಿಗೂ ಸುಮಾರು 2 ಅಡಿ 10 ಇಂಚು ಇದ್ದರೆ ಕಳೆದುಹೋಗುವುದು ಸುಮಾರು 100 ಹರ್ಟ್ಸಿನ ಸ್ವರ, ಗಂಡಸರ ದನಿಯ ಬುಡ ಇರುವುದು ಅಲ್ಲೇ. ನೆಲ, ಹಿಂದಿನ ಗೋಡೆ, ಪಕ್ಕದ ಗೋಡೆ ಮೂರಕ್ಕೂ ಒಂದೇ ದೂರ ಇಟ್ಟರೆ ಮೂರೂ ಸೇರಿ ಅದೇ ಸ್ವರವನ್ನು ಹೊಡೆಯುತ್ತವೆ. ಹಾಗಾಗಿ ಆ ಮೂರು ದೂರಗಳು ಒಂದಕ್ಕೊಂದು ಸಮ ಇರಬಾರದು. ಹಿಂದೆ ಒಂದು ಅಡಿ, ಪಕ್ಕಕ್ಕೆ ಎರಡೂವರೆ, ನೆಲದಿಂದ ಎರಡು ಅಂತ ಶುರುಮಾಡಿ, ಕೇಳುತ್ತ ಕೇಳುತ್ತ ನಾಲ್ಕು ಬೆರಳಿನಷ್ಟು ಸರಿಸುತ್ತ ಹೋಗಿ.

ಕೋಣೆಯದೂ ಒಂದು ಸ್ವರ ಇರುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಅದು ಸುಮಾರು 56 ಹರ್ಟ್ಸ್. ಹತ್ತಕ್ಕೆ ಹತ್ತರ ಚೌಕದ ಕೋಣೆಯಲ್ಲಿ ಎರಡೂ ಜೋಡಿ ಗೋಡೆ ಅದೇ ಸ್ವರ ಹಿಡಿಯುತ್ತವೆ. ನಮ್ಮ ಮನೆಗಳಲ್ಲಿ ಅಂಥ ಕೋಣೆಗಳೇ ಹೆಚ್ಚು. ಬೇಸು ಇರುವ ಹಾಡು ಹಾಕಿ ಕೋಣೆಯಲ್ಲಿ ನಡೆದಾಡಿ ನೋಡಿ, ಗೋಡೆಯ ಹತ್ತಿರ ಗುಡುಗು, ನಟ್ಟನಡುವೆ ಏನೂ ಇಲ್ಲ.

ಇದೇ ಗುಣವನ್ನು ಬಳಸಿಕೊಂಡು ವೂಫರಿಗೆ ಜಾಗ ಹುಡುಕುವ ಒಂದು ಉಪಾಯವಿದೆ. ಮನೆಯವರಿಗೆ ಮೊದಲೇ ಹೇಳಿಯೇ ಮಾಡಿ. ಅಜ್ಜ ದಿನಾ ಕೂರುವ ಜಾಗದಲ್ಲಿ, ಅವರ ಕುರ್ಚಿಯ ಮೇಲೆಯೇ, ವೂಫರನ್ನು ಇಟ್ಟು ಹಾಡು ಹಾಕಿ. ಆಮೇಲೆ ನೀವು ಅಂಬೆಗಾಲಿಟ್ಟುಕೊಂಡು ಗೋಡೆಯುದ್ದಕ್ಕೂ ನಿಧಾನಕ್ಕೆ ಹೋಗಿ. ಕೆಲವು ಕಡೆ ಗುಂಯ್ ಅನ್ನುತ್ತದೆ, ಕೆಲವು ಕಡೆ ಸತ್ತಂತಿರುತ್ತದೆ. ಒಂದು ಕಡೆ ತಬಲಾದ ಪ್ರತಿಯೊಂದು ಪೆಟ್ಟೂ ಬಿಡಿಬಿಡಿಯಾಗಿ ಕೇಳುತ್ತದೆ. ಅಲ್ಲೊಂದು ಸೀಮೆಸುಣ್ಣದ ಗುರುತು ಹಾಕಿ, ವೂಫರನ್ನು ಅಲ್ಲಿಗೆ ತನ್ನಿ, ಅಜ್ಜನಿಗೆ ಅವರ ಕುರ್ಚಿ ವಾಪಸ್ ಕೊಡಿ. ಗುರುತು ಬಿದ್ದ ಜಾಗ ಪಕ್ಕದ ಮನೆಯವರ ಗೋಡೆಗೆ ಅಂಟಿಕೊಂಡಿದ್ದರೆ ಮಾತ್ರ ಎರಡನೇ ಒಳ್ಳೆಯ ಜಾಗ ಹುಡುಕಿ. ಬೇಸು ಗೋಡೆ ದಾಟುವುದರಲ್ಲಿ ಎಲ್ಲ ಸ್ವರಕ್ಕಿಂತ ಮುಂದೆ.